ಬಾವಿಯ ಪಾತ್ರ

ನಾಲ್ಕನೆಯ ಕ್ಲಾಸಿನಲ್ಲಿ ನನಗೆ ಸಿಕ್ಕಿದ್ದು
ಬಾವಿಯ ಪಾತ್ರ.
ಪೂರಾ ಬಾವಿಯೂ ಅಲ್ಲ, ಅರ್ಧ.
ಇನ್ನರ್ಧ ಹಿಂದಿನ ಬೆಂಚಿನ ಸುಜಯ.
ಕೈಗೆ ಕೈ ಕೊಟ್ಟು ಬಗ್ಗಿ ನಿಂತು
ಬೆನ್ನಿಗೆ ಕಲ್ಲಿನ ಚಿತ್ರದ ರಟ್ಟು ಕಟ್ಟಿಸಿಕೊಂಡು
ಯಾರಾದರೂ ಬಂದು ಇಣುಕಿ "ಓ" ಎಂದರೆ
"ಓ" ಎನ್ನಬೇಕು. ಅಷ್ಟೇ.

"ಜೋರು ಬೇಡ," ಐತಪ್ಪ ಮಾಷ್ಟ್ರು ಹೇಳಿದ್ದರು,
"ನೀರಿಗೆ ಬಿದ್ದು ಎದ್ದು ಬಂದ ಹಾಗೆ ಬರಲಿ."

ಆ ಒಂದಕ್ಷರಕ್ಕೆ ಹದಿನೈದು ದಿನ
ಪೆರ್ಲದ ಸುತ್ತಿನ ಬಾವಿಗಳಿಗೆಲ್ಲ ಬಗ್ಗಿ ಬಂದೆ.
ಮಿಸ್ರಿಯಾಳ ಮನೆಯದು ತಡೆದು ಉತ್ತರಿಸುತ್ತಿತ್ತು,
ಅವಳ ಉಮ್ಮನ ಹಾಗೆ, ಪ್ರಶ್ನೆಗೆ ಪ್ರಶ್ನೆ.
ಬತ್ತಿದ ಪಂಚಾಯತು ಬಾವಿ ಮಾತ್ರ
ನಾನು ಕೊಟ್ಟದ್ದಕ್ಕಿಂತ ದೊಡ್ಡದನ್ನು ಕೊಡುತ್ತಿತ್ತು.

ಶಾಲೆಯ ವಾರ್ಷಿಕೋತ್ಸವದ ರಾತ್ರಿ. ಟ್ಯೂಬ್‌ಲೈಟಿಗೆ ಹಾತೆ.
ರಾಣಿಯಾಗಿದ್ದ ಮಿಸ್ರಿಯಾ ನನ್ನೊಳಗೆ ಇಣುಕಿದಳು.
ಇಣುಕಿಯೇ ಇದ್ದಳು.
ಬಾಯಲ್ಲಿ ಮಾತಿರಲಿಲ್ಲ,
ತುಟಿಗೆ ಹಚ್ಚಿದ ಕೆಂಪು ಮಾತ್ರ ಇತ್ತು.
ಆಗ ಬಾವಿ, ಯಾರೂ ಕೂಗದೆ,
ಹೇಳಿತು: "ನನ್ನ ಮಗುವಿಗೆ ನೀರು ಬೇಕು."
ರಾಣಿಯೇ ಮಾರ್ದನಿಯಾಗಿ
"ನನ್ನ ಮಗುವಿಗೆ ನೀರು ಬೇಕು" ಎಂದಳು.

ಮುಂದಿನ ಸಾಲು ನಕ್ಕಿತು. ಆಮೇಲೆ ನಗು ನಿಂತಿತು.
ಆ ನಿಂತದ್ದು ಇದೆಯಲ್ಲ,
ಬಗ್ಗಿದ ಬೆನ್ನಿಗೆ ಅದು ತಾಗಿತು,
ಬಿಸಿಲಿಗೆ ಹಾಸಿದ ಚಾಪೆಯ ಮೇಲೆ ಮಲಗಿದ ಹಾಗೆ.
ರಟ್ಟು ಬಿಚ್ಚುವಾಗ ಮಾಷ್ಟ್ರು ಬೈಯಲಿಲ್ಲ:
"ಬಾವಿಗೆ ಊರಿನ ಮಾತೆಲ್ಲ ಗೊತ್ತಿರ್ತದೆ,
ಹೇಳುವುದಿಲ್ಲ ಅಷ್ಟೆ. ನೀನು ಹೇಳಿಬಿಟ್ಟೆ."

ಗೊತ್ತಿತ್ತು. ಎಲ್ಲರ ಮಾತೂ ಗೊತ್ತಿತ್ತು ನನಗೆ.
ರೇಷನ್ ಅಂಗಡಿಯ ಮೆಟ್ಟಿಲಲ್ಲೇ
ಸಕ್ಕರೆ ಪಂಚಸಾರವಾಗಿ, ಚಿಮಿಣಿ ಎಣ್ಣೆ ಮಣ್ಣೆಣ್ಣಯಾಗಿ
ನನ್ನ ಕತ್ತು ಬೇರೆ ಥರ ಓಲುತ್ತಿತ್ತು.
ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ,
ಮಿಸ್ರಿಯಾಳ ಅಡುಗೆಮನೆಯಲ್ಲಿ ಪತ್ತಿರಿ ಮುರಿಯುತ್ತ ಅವರದೇ ರಾಗ.
ದಿನಕ್ಕೆ ನಾಲ್ಕು ವೇಷ, ಬಣ್ಣವಿಲ್ಲದೆ.
ಇದಕ್ಕೊಂದು ಹೆಸರುಂಟೆಂದು
ಆ ರಾತ್ರಿಯವರೆಗೆ ತಿಳಿದಿರಲಿಲ್ಲ.

ಹತ್ತನೆಯಲ್ಲಿ ಜಿಲ್ಲಾ ಕಲೋತ್ಸವ.
ನಾವು ಹೊಸದುರ್ಗ ಎನ್ನುತ್ತಿದ್ದೆವು,
ಬಸ್ಸಿನ ಬೋರ್ಡು ಕಾಞಂಗಾಡ್ ಎನ್ನುತ್ತಿತ್ತು,
ಎರಡಕ್ಕೂ ಒಂದೇ ಟಿಕೆಟು.
ಕನ್ನಡ ನಾಟಕಕ್ಕೆ ತಂಡ ಎರಡೇ, ತೀರ್ಪುಗಾರರು ಮೂವರು,
ಅವರಲ್ಲೊಬ್ಬರಿಗೆ ಕನ್ನಡ ಬಾರದು.
ನಾನು ಆ ಒಬ್ಬರಿಗೇ ಆಡಿದೆ.
ಮಾತು ದಾಟದ ಕಡೆ ಮೊಣಕೈ ದಾಟಿಸಿದೆ, ಉಸಿರು ದಾಟಿಸಿದೆ.
ಅವರು ಪೆನ್ನಿಗೆ ಮುಚ್ಚಳ ಹಾಕಿ ನೋಡತೊಡಗಿದರು.
ಬಹುಮಾನ ಎರಡನೆಯದು.
ತಂಡ ಎಷ್ಟಿತ್ತೆಂದು ಅಮ್ಮ ಕೇಳಲಿಲ್ಲ, ನಾನು ಹೇಳಲಿಲ್ಲ.

ಅಮ್ಮ ನಾಟಕಕ್ಕೆ ಬಂದದ್ದೇ ಕಡಿಮೆ.
ತಡ್ಪೆಯಲ್ಲಿ ಸಾವಿರ ಬೀಡಿ ಆಗದೆ ಏಳುವ ಹಾಗಿಲ್ಲ.
ಒಮ್ಮೆ ಬದಿಯಡ್ಕದಲ್ಲಿ ಕೊನೆಯ ಸಾಲಿನಲ್ಲಿ ಕೂತಿದ್ದಳು.
ರಂಗದಿಂದ ಕಂಡೆ:
ಕಣ್ಣು ನನ್ನ ಮೇಲೆ. ಮಡಿಲಲ್ಲಿ ಬೆರಳುಗಳು
ಇಲ್ಲದ ಎಲೆಗೆ ಇಲ್ಲದ ಹೊಗೆಸೊಪ್ಪು ಹಾಕಿ
ಸುರುಳುತ್ತಿದ್ದವು, ತುದಿ ಮಡಚುತ್ತಿದ್ದವು,
ನೂಲು ಸುತ್ತಿ ಟಕ್ಕೆಂದು ಕಡಿಯುತ್ತಿದ್ದವು.
ನಾನು ಮಾತು ಮರೆತೆ.
ಆ ದಿನ ಬಾವಿಯಾಗಿ ಯಾರೂ ನಿಂತಿರಲಿಲ್ಲ.

ಈಗ ಹಗಲು ಸಹಕಾರಿ ಬ್ಯಾಂಕಿನ ಕೌಂಟರು,
ಸಂಜೆ ರಿಹರ್ಸಲ್ಲು, ವಯಸ್ಸು ನಲವತ್ತೊಂದು.
ಹೋದ ತಿಂಗಳು ಕುಂಬಳೆಯಲ್ಲಿ ಒಬ್ಬಳೇ ಆಡುವ ನಾಟಕ:
ಬ್ರಾಂಚಿನ ಚೆಕ್ಕರ್ ಬೀಡಿ ರಿಜೆಕ್ಟ್ ಮಾಡಿದಾಗ
ಎದುರು ಮಾತಾಡುವ ಮುದುಕಿ.
ತಡ್ಪೆ ಇಡಬೇಡಿ ಎಂದೆ. ಎಲೆ ಬೇಡ, ನೂಲು ಬೇಡ.
ಬೆರಳು ಸಾಕು.

ವಾಪಸು ಬರುವಾಗ ಕೊನೆಯ ಬಸ್ಸಿನಲ್ಲಿ ಅಮ್ಮ
ನೀರ್ಚಾಲು ದಾಟುವವರೆಗೂ ಮಾತಾಡಲಿಲ್ಲ.
ಆಮೇಲೆ, ಕಿಟಕಿಗೆ ಹೇಳಿದ ಹಾಗೆ:
"ಆ ಮುದುಕಿಯನ್ನು ಎಲ್ಲೋ ನೋಡಿದ ಹಾಗೆ ಉಂಟು."
ಬದಿಯಡ್ಕದಲ್ಲಿ ಬಸ್ಸು ನಿಂತು ಹೊರಟಿತು.
"ಅವಳು ಆ ಚೆಕ್ಕರಿಗೆ
ಇನ್ನೂ ಸ್ವಲ್ಪ ಜೋರು ಹೇಳಬೇಕಿತ್ತು."